ಘಾಟಿ ಹತ್ತುವಾಗ ಟರ್ಬೊ ಕೆಮ್ಮಿದರೆ: ಸರ್ಜ್ ದೋಷದ ಪತ್ತೆ ಮತ್ತು ನಿವಾರಣೆ

"ಅಣ್ಣಾ, ಹೊಸ ಟರ್ಬೊ ಹಾಕ್ಸಿ ಇನ್ನೂ ಹದಿನೈದ್ ದಿನ ಆಗಿಲ್ಲ, ಗುಂಡ್ಯ ದಾಟಿದ್ ಕೂಡ್ಲೇ ಮತ್ತೆ ಕೆಮ್ಮೋಕ್ ಶುರು ಮಾಡ್ತದೆ."

ಮಂಗಳೂರಿನಿಂದ ಹಾಸನಕ್ಕೆ ಲೋಡ್ ಹೊಡೆಯುವ ಚಾಲಕರೊಬ್ಬರು ನಮ್ಮ ವರ್ಕ್‌ಶಾಪಿಗೆ ಬಂದು ಹೇಳಿದ ಮಾತು ಇದು. ಆರು ಸಿಲಿಂಡರಿನ, ಆರು ಲೀಟರಿಗೆ ಹತ್ತಿರದ ಡೀಸೆಲ್ ಎಂಜಿನ್. ಟರ್ಬೊ ಎಂದರೆ ಎಕ್ಸಾಸ್ಟ್ ಹೊಗೆಯಿಂದ ತಿರುಗುವ ಟರ್ಬೈನಿನ ಬಲದಲ್ಲಿ ಕಂಪ್ರೆಸರ್ ಓಡಿಸಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ. ಸಮತಟ್ಟು ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಶಿರಾಡಿ ಏರಿನಲ್ಲಿ ಎಂಜಿನ್ ವೇಗ ನಿಮಿಷಕ್ಕೆ 1400 ಸುತ್ತಿನ ಆಸುಪಾಸಿಗೆ ಇಳಿದು, ಕಾಲು ಪೂರ್ತಿ ಒತ್ತಿದಾಗ ಮಾತ್ರ ಬಾನೆಟ್ಟಿನ ಕಡೆಯಿಂದ 'ಬುಫ್ ಬುಫ್ ಬುಫ್' ಎಂಬ ಸದ್ದು, ಕಪ್ಪು ಹೊಗೆ, ಎಳೆತ ಇಲ್ಲ. ಮೂರು ತಿಂಗಳಲ್ಲಿ ಎರಡು ಟರ್ಬೊ ಬದಲಾಗಿತ್ತು. ಎರಡು ಸಲವೂ ಹಣ ಕೊಟ್ಟವರು ಅವರೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಅಭ್ಯಾಸ ನಮ್ಮ ಕಸುಬಿನಲ್ಲಿ ಬಹಳ ಇದೆ. ಸದ್ದು ಟರ್ಬೊದಿಂದ ಬರುತ್ತದೆ, ಆದ್ದರಿಂದ ಟರ್ಬೊ ಕೆಟ್ಟಿದೆ ಎಂದು ತೀರ್ಮಾನಿಸಿಬಿಡುತ್ತೇವೆ. ಸರ್ಜ್, ಅಂದರೆ ಒತ್ತಿದ ಗಾಳಿ ಮತ್ತೆ ಮತ್ತೆ ಹಿಂದಕ್ಕೆ ನುಗ್ಗುವ ಈ ದೋಷದಲ್ಲಿ ನಾನು ಕಂಡಿರುವಂತೆ, ಟರ್ಬೊದ ಒಳಗೆ ತಪ್ಪು ಇರುವುದಕ್ಕಿಂತ ಅದರ ಮುಂದಿನ ಅಥವಾ ಹಿಂದಿನ ಗಾಳಿಯ ದಾರಿಯಲ್ಲಿ ತಪ್ಪು ಇರುವುದೇ ಹೆಚ್ಚು. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ಗೇಜ್ ಹಿಡಿಯಿರಿ ಎನ್ನುತ್ತೇನೆ.

ಸದ್ದನ್ನು ಮೊದಲು ಗುರುತಿಸಿ

ಟರ್ಬೊದ ಎಲ್ಲ ಸದ್ದೂ ಸರ್ಜ್ ಆಗಿರುವುದಿಲ್ಲ. ಲೋಡ್ ಏರಿದಂತೆ 'ಸ್ಸ್ಸ್' ಎಂದು ಜೋರಾಗುವ ಸದ್ದು ಸಾಮಾನ್ಯವಾಗಿ ಹೋಸ್ ಅಥವಾ ಕ್ಲಾಂಪ್ ಸೋರಿಕೆಯದು. ಸೈರನ್ನಿನಂತೆ ವೇಗದ ಜೊತೆಗೇ ಏರಿಳಿಯುವ ಸಣ್ಣ ದನಿ ಬ್ಯಾಲೆನ್ಸ್ ತಪ್ಪಿದ ರೋಟರ್‌ನದೋ ಸವೆದ ಬೇರಿಂಗಿನದೋ ಇರಬಹುದು. ಸರ್ಜ್ ಹಾಗಲ್ಲ. ಅದು ಬಡಿತ. ಬಿಡಿ ಬಿಡಿಯಾಗಿ ಕೇಳಿಸುತ್ತದೆ, ಗಾಳಿ ಎಳೆಯುವ ಪೈಪಿನ ಮೇಲೆ ಕೈ ಇಟ್ಟರೆ ಅಂಗೈಗೆ ಗುದ್ದಿದ ಹಾಗೆ ತಿಳಿಯುತ್ತದೆ. ಬೂಸ್ಟ್ (ವಾತಾವರಣಕ್ಕಿಂತ ಮೇಲೆ ಟರ್ಬೊ ಕೊಡುವ ಒತ್ತಡ) ತೋರಿಸುವ ಗೇಜ್ ಇದ್ದರೆ ಮುಳ್ಳು ನಡುಗುತ್ತದೆ.

ಇನ್ನೊಂದು ಗುರುತು ಬಹಳ ಉಪಯೋಗಕ್ಕೆ ಬರುತ್ತದೆ. ಕಂಪ್ರೆಸರ್‌ನಿಂದ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಸೋರಿಕೆ ಇದ್ದರೆ ಬೂಸ್ಟ್ ಬೀಳುತ್ತದೆ, ಹೊಗೆ ಬರುತ್ತದೆ, ಆದರೆ ಕೆಮ್ಮು ಬರುವುದಿಲ್ಲ. ಸೋರುವ ಗಾಳಿಯೂ ಕಂಪ್ರೆಸರ್‌ನ ಮೂಲಕವೇ ಹರಿದಿರುತ್ತದಲ್ಲ, ಹರಿವು ಹೆಚ್ಚಿದ್ದಷ್ಟೂ ಅದು ಸರ್ಜ್‌ನಿಂದ ದೂರ. ಕೆಮ್ಮು ಬರುವುದು ಹರಿವಿಗೆ ಅಡ್ಡಿ ಆದಾಗ. ಹೊಗೆ ಇದ್ದು ಕೆಮ್ಮಿಲ್ಲದಿದ್ದರೆ ಸೋರಿಕೆ ಹುಡುಕಿ. ಹೊಗೆ ಮತ್ತು ಕೆಮ್ಮು ಎರಡೂ ಇದ್ದರೆ ತಡೆ ಹುಡುಕಿ. ಅರ್ಧ ದಿನದ ಕೆಲಸ ಇಷ್ಟರಲ್ಲೇ ಉಳಿಯುತ್ತದೆ.

ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಪಟಪಟ ಎಂದರೆ ಅದು ಥ್ರಾಟಲ್ ಮುಚ್ಚಿ ಗಾಳಿಗೆ ದಾರಿ ತಪ್ಪಿದ್ದರಿಂದ. ಅಲ್ಲಿ ಮೊದಲು ನೋಡಬೇಕಾದ್ದು ಗಾಳಿಯನ್ನು ಹಿಂದಕ್ಕೆ ತಿರುಗಿಸುವ ವಾಲ್ವ್. ಇಲ್ಲಿ ನಾನು ಹೇಳುತ್ತಿರುವುದು ಡೀಸೆಲ್ ಎಂಜಿನ್ ಲೋಡಿನಲ್ಲಿ ಇರುವಾಗ ಬರುವ ಸರ್ಜ್ ಬಗ್ಗೆ.

ಒಳಗೆ ಏನಾಗುತ್ತಿದೆ

ಟರ್ಬೊದ ತಣ್ಣನೆಯ ಬದಿ ಒಂದು ಪುಟ್ಟ ಸೆಂಟ್ರಿಫ್ಯೂಗಲ್ ಕಂಪ್ರೆಸರ್. ಈ ಲಾರಿಯದರಲ್ಲಿ ಗಾಳಿ ದೂಡುವ ಬ್ಲೇಡಿನ ಚಕ್ರ, ಅಂದರೆ ವೀಲ್, 68 ಮಿಮೀ ವ್ಯಾಸದ್ದು. ನಿಮಿಷಕ್ಕೆ 1,15,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 410 ಮೀಟರ್, ಅಂದರೆ ಶಬ್ದದ ವೇಗಕ್ಕಿಂತ ಹೆಚ್ಚು. ವೀಲ್ ಗಾಳಿಗೆ ವೇಗ ಕೊಡುತ್ತದೆ, ಅದರ ಸುತ್ತಲಿನ ಕಿರಿದಾದ ಡಿಫ್ಯೂಸರ್ ಆ ವೇಗವನ್ನು ಒತ್ತಡವಾಗಿ ಮಾರ್ಪಡಿಸುತ್ತದೆ. ಗಾಳಿ ಕಡಿಮೆ ಒತ್ತಡದ ಕಡೆಯಿಂದ ಹೆಚ್ಚು ಒತ್ತಡದ ಕಡೆಗೆ ಹೋಗಬೇಕು, ಅಂದರೆ ಏರಿನಲ್ಲಿ ನಡೆಯಬೇಕು. ಹರಿವು ಸಾಕಷ್ಟು ಇರುವವರೆಗೆ ಅದು ನಡೆಯುತ್ತದೆ.

ಹರಿವು ಕಡಿಮೆಯಾದಾಗ ಬ್ಲೇಡಿನ ಮೂತಿಗೆ ಗಾಳಿ ಬಡಿಯುವ ಕೋನ ಕೆಡುತ್ತದೆ. ಗಾಳಿ ಬ್ಲೇಡಿನ ಮೈ ಬಿಟ್ಟು ಏಳುತ್ತದೆ. ಮೊದಲು ಒಂದೆರಡು ಬ್ಲೇಡುಗಳ ನಡುವೆ ಶುರುವಾದದ್ದು ಹರಡಿ, ಕೊನೆಗೆ ಮುಂದೆ ಕೂಡಿಟ್ಟಿದ್ದ ಒತ್ತಡವನ್ನು ಹಿಡಿದು ನಿಲ್ಲಿಸುವ ಶಕ್ತಿ ವೀಲ್‌ಗೆ ಇರುವುದಿಲ್ಲ. ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ಮತ್ತು ಪೈಪಿನಲ್ಲಿ ತುಂಬಿದ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಒತ್ತಡ ಇಳಿದ ಮೇಲೆ ವೀಲ್ ಮತ್ತೆ ಹಿಡಿದುಕೊಳ್ಳುತ್ತದೆ, ಮತ್ತೆ ಒತ್ತಡ ಏರುತ್ತದೆ, ಮತ್ತೆ ಹಿಂದಕ್ಕೆ. ನಾವು ಕೇಳುವ ಕೆಮ್ಮು ಇದೇ.

1976ರಲ್ಲಿ ಎಡ್ವರ್ಡ್ ಗ್ರೈಟ್ಜರ್ ಎಂಬ ಎಂಜಿನಿಯರ್ ಇದನ್ನು ಸರಳ ಲೆಕ್ಕಕ್ಕೆ ತಂದರು. ಪೈಪಿನೊಳಗಿನ ಗಾಳಿ ಒಂದು ತೂಕದ ಹಾಗೆ, ಮುಂದಿನ ತೊಟ್ಟಿಯಂಥ ಜಾಗದ ಗಾಳಿ ಒಂದು ಸ್ಪ್ರಿಂಗ್ ಹಾಗೆ. ವೀಲಿನ ವೇಗ ಹೆಚ್ಚಿದ್ದಷ್ಟೂ, ಕಂಪ್ರೆಸರ್ ಮುಂದಿನ ಜಾಗ ದೊಡ್ಡದಾದಷ್ಟೂ, ಬ್ಲೇಡಿನ ಮಟ್ಟದ ಸಣ್ಣ ತೊಂದರೆ ಪೂರ್ತಿ ಸರ್ಜ್ ಆಗಿ ಬೆಳೆಯುವ ಅಪಾಯ ಹೆಚ್ಚು. ಬೇರೆ ಗಾಡಿಯ ದೊಡ್ಡ ಇಂಟರ್‌ಕೂಲರ್ ತಂದು ಜೋಡಿಸುವವರು ಈ ಮಾತನ್ನು ನೆನಪಿಡಬೇಕು.

ಘಾಟಿಯಲ್ಲೇ ಏಕೆ ಬರುತ್ತದೆ? ಎಂಜಿನ್ ಒಂದು ಪಂಪಿನಂತೆ ತನ್ನ ವೇಗಕ್ಕೆ ತಕ್ಕಷ್ಟೇ ಗಾಳಿ ಕುಡಿಯುತ್ತದೆ. ಆರು ಲೀಟರ್ ಎಂಜಿನ್ 2400 ವೇಗದಲ್ಲಿ, ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಟ್ಟು 2 ಬಾರ್ ಒತ್ತಡ ಇರುವಾಗ ಸೆಕೆಂಡಿಗೆ ಸುಮಾರು 0.23 ಕಿಲೋ ಗಾಳಿ ತೆಗೆದುಕೊಂಡರೆ, ಅದೇ ಒತ್ತಡದಲ್ಲಿ 1200 ವೇಗಕ್ಕೆ ಅದರ ಅರ್ಧ. ಏರಿನಲ್ಲಿ ವೇಗ ಇಳಿದು, ಡೀಸೆಲ್ ಪೂರ್ತಿ ಬಿದ್ದು, ಒತ್ತಡ ಮೇಲೆಯೇ ಇರುವಾಗ ಕಂಪ್ರೆಸರ್ ತನ್ನ ಮ್ಯಾಪಿನ (ಅಡ್ಡಕ್ಕೆ ಹರಿವು, ಮೇಲಕ್ಕೆ ಒತ್ತಡದ ಪಟ್ಟು ತೋರಿಸುವ ನಕ್ಷೆ) ಎಡ ಅಂಚಿಗೆ, ಅಂದರೆ ದಾಟಿದರೆ ಸರ್ಜ್ ಶುರುವಾಗುವ 'ಸರ್ಜ್ ಗೆರೆ'ಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಎಲ್ಲವೂ ಸರಿ ಇದ್ದಾಗ ಆ ಗೆರೆಗೂ ಅದಕ್ಕೂ ಒಂದಿಷ್ಟು ಅಂತರ ಇರುತ್ತದೆ. ನಾವು ಹುಡುಕಬೇಕಾದ್ದು ಆ ಅಂತರವನ್ನು ತಿಂದದ್ದು ಯಾವುದು ಎಂದು.

ನಾಲ್ಕು ಜಾಗದ ಅಳತೆ

ಏರ್ ಫಿಲ್ಟರ್ ಆದ ಕೂಡಲೇ ಒಂದು, ಕಂಪ್ರೆಸರ್ ಬಾಯಿಯ ಹತ್ತಿರ ಇನ್ನೊಂದು, ಕಂಪ್ರೆಸರ್‌ನಿಂದ ಹೊರಬಂದಲ್ಲಿ ಮೂರನೆಯದು, ಇಂಟರ್‌ಕೂಲರ್ ದಾಟಿ ಮ್ಯಾನಿಫೋಲ್ಡಿನಲ್ಲಿ ನಾಲ್ಕನೆಯದು. ಬಹುತೇಕ ಕಡೆ ಫಿಲ್ಟರಿನ ಹತ್ತಿರ ಮತ್ತು ಮ್ಯಾನಿಫೋಲ್ಡಿನಲ್ಲಿ ಮಾತ್ರ ನೋಡಿ ಬಿಡುತ್ತಾರೆ. ನಡುವಿನ ಎರಡೇ ಕಥೆ ಹೇಳುವುದು.

ಗಾಡಿ ನಿಲ್ಲಿಸಿ ರೇಸ್ ಕೊಟ್ಟು ಅಳೆದರೆ ಪ್ರಯೋಜನವಿಲ್ಲ. ಲೋಡ್ ಇಲ್ಲದ ಡೀಸೆಲ್ ಎಂಜಿನ್ನಿನ ಎಕ್ಸಾಸ್ಟ್‌ನಲ್ಲಿ ಟರ್ಬೊ ತಿರುಗಿಸುವಷ್ಟು ಶಾಖವೇ ಇರುವುದಿಲ್ಲ. ಲೋಡ್ ಹಾಕಿಕೊಂಡೇ ಏರಿಗೆ ಹೋಗಬೇಕು. ಗೇಜ್‌ಗಳನ್ನು ಉದ್ದ ಟ್ಯೂಬಿನಲ್ಲಿ ಕ್ಯಾಬಿನ್ನಿಗೆ ತಂದು, ಓದಿ ಬರೆದುಕೊಳ್ಳಲು ಇನ್ನೊಬ್ಬರು ಪಕ್ಕದಲ್ಲಿರಲಿ. ಚಾಲಕರು ಗೇಜ್ ನೋಡಬಾರದು, ರಸ್ತೆ ನೋಡಬೇಕು. ಶಿರಾಡಿಯ ತಿರುವುಗಳಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಫಿಲ್ಟರಿನ ತಡೆ ಅಳೆಯಲು ನೀರು ತುಂಬಿದ ಪಾರದರ್ಶಕ ಟ್ಯೂಬ್ ಸಾಕು, 1 ಕಿಲೋಪಾಸ್ಕಲ್ ಅಂದರೆ ಸುಮಾರು 102 ಮಿಮೀ ನೀರು. ಅನೇಕ ಲಾರಿ ಎಂಜಿನ್‌ಗಳಲ್ಲಿ ಫಿಲ್ಟರಿನ ಕೆಂಪು ಗುರುತು ಏಳುವುದು 6 ಕಿಲೋಪಾಸ್ಕಲ್ ಹತ್ತಿರ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಪ್ರಮಾಣ.

ನಮ್ಮ ಲಾರಿಯಲ್ಲಿ ಫಿಲ್ಟರ್ ಆದ ಮೇಲೆ 3.5 ಕಿಲೋಪಾಸ್ಕಲ್ ಸೆಳೆತ ಬಂತು. ಆರೋಗ್ಯವಂತ ಸಂಖ್ಯೆ. ಹಿಂದೆ ನೋಡಿದವರು ಇಲ್ಲಿಗೇ ನಿಲ್ಲಿಸಿ 'ಗಾಳಿ ದಾರಿ ಚೆನ್ನಾಗಿದೆ' ಎಂದಿರಬೇಕು. ಕಂಪ್ರೆಸರ್ ಬಾಯಿಯ ಹತ್ತಿರ ವ್ಯಾಕ್ಯೂಮ್ ಗೇಜ್ 16 ಕಿಲೋಪಾಸ್ಕಲ್ ತೋರಿಸಿತು, ಅಂದರೆ ಪಾದರಸದಲ್ಲಿ 120 ಮಿಮೀ. ಒಂದೂವರೆ ಮೀಟರ್ ಹೋಸ್ ಒಂದರಲ್ಲೇ 12.5 ಕಿಲೋಪಾಸ್ಕಲ್ ಹೋಗಿದೆ! ಹೋಸ್ ಹೊರಗಿನಿಂದ ನುಣುಪಾಗಿ, ದಪ್ಪಗೆ, ಹೊಸದರಂತೆ ಇತ್ತು.

ಬಿಚ್ಚಿ ಟಾರ್ಚ್ ಹಾಕಿ ನೋಡಿದರೂ ಏನೂ ಕಾಣಲಿಲ್ಲ. ಕೈ ಒಳಗೆ ತೂರಿಸಿ ಗೋಡೆಯನ್ನು ಬೆರಳಿನಿಂದ ಒತ್ತಿದಾಗ ಒಳಪದರ ಹೊರಪದರದಿಂದ ಬಿಟ್ಟುಕೊಂಡದ್ದು ಗೊತ್ತಾಯಿತು. ನಿಂತಾಗ ಗೋಡೆಗೆ ಅಂಟಿಕೊಂಡಿರುತ್ತದೆ. ಸೆಳೆತ ಜೋರಾದಾಗ ಒಳಪದರ ಬಲೂನಿನಂತೆ ಉಬ್ಬಿ ಅರ್ಧ ದಾರಿ ಮುಚ್ಚುತ್ತದೆ. ಎಣ್ಣೆಯ ಆವಿ ಸೇರುವ ಗಾಡಿಗಳಲ್ಲಿ, ಎಂಜಿನ್ ಶಾಖಕ್ಕೆ ಹತ್ತಿರ ಇರುವ ರಬ್ಬರ್ ಹೋಸ್‌ಗಳಲ್ಲಿ ಇದು ಅಪರೂಪವಲ್ಲ.

ಈಗ ಲೆಕ್ಕ ನೋಡಿ. ಘಾಟಿಯ ಮೇಲ್ಭಾಗ, ಸಕಲೇಶಪುರದ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಹೋಸ್ ಸರಿ ಇದ್ದರೆ ಕಂಪ್ರೆಸರ್ ಬಾಯಲ್ಲಿ 86.5 ಇರಬೇಕು. ಬೂಸ್ಟ್ 110, ಇಂಟರ್‌ಕೂಲರ್ ತಡೆ 7, ಹೊರಬರುವ ಒತ್ತಡ ಒಟ್ಟು 208. ಭಾಗಿಸಿದರೆ 2.4 ಪಟ್ಟು. ಕೆಟ್ಟ ಹೋಸ್ ಇದ್ದಾಗ ಬೂಸ್ಟ್ 100ಕ್ಕೆ ಇಳಿದಿತ್ತು. ಹೊರಗೆ 198, ಬಾಯಲ್ಲಿ 75, ಭಾಗಿಸಿದರೆ 2.64 ಪಟ್ಟು. ಕ್ಯಾಬಿನ್ನಿನ ಬೂಸ್ಟ್ ಗೇಜ್ ಕಡಿಮೆ ತೋರಿಸುತ್ತಿದೆ, ಕಂಪ್ರೆಸರ್ ಮಾತ್ರ ಹೆಚ್ಚು ಒತ್ತುತ್ತಿದೆ. ಬೂಸ್ಟ್ ಕಡಿಮೆ ಇದೆ ಎಂದು ಪಂಪಿನಲ್ಲಿ ಡೀಸೆಲ್ ಜಾಸ್ತಿ ಮಾಡಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಈ ಗಾಡಿಗೆ ಅದನ್ನೂ ಮಾಡಿದ್ದರು. ಪಂಪಿನ ಸೀಲ್ ಕತ್ತರಿಸಿತ್ತು.

ಸೆಳೆತ ಹೆಚ್ಚಾದಾಗ ಗಾಳಿ ತೆಳುವಾಗಿ ಅದರ ಗಾತ್ರ ಹಿಗ್ಗುವುದರಿಂದ ಮ್ಯಾಪಿನಲ್ಲಿ ಬಿಂದು ತುಸು ಬಲಕ್ಕೂ ಸರಿಯುತ್ತದೆ, ಇದು ನಿಜ. ಆದರೆ ಮೇಲಕ್ಕೆ ಏರಿದಂತೆ ಸರ್ಜ್ ಗೆರೆ ಅದಕ್ಕಿಂತ ಹೆಚ್ಚು ಬಲಕ್ಕೆ ವಾಲುತ್ತದೆ, ಹಾಗಾಗಿ ಅಂತರ ಕಡಿಮೆಯೇ ಆಗುತ್ತದೆ. ಜೊತೆಗೆ, ಅರ್ಧ ಮುಚ್ಚಿದ ಹೋಸ್‌ನಿಂದ ಗಾಳಿ ವೀಲಿನ ಮುಖಕ್ಕೆ ಒಂದೇ ಬದಿಯಿಂದ ನುಗ್ಗುತ್ತದೆ. ಪ್ರತಿ ಬ್ಲೇಡೂ ಒಂದು ಸುತ್ತಿನಲ್ಲಿ ಒಮ್ಮೆ ಗಾಳಿ ಬರದ ಭಾಗವನ್ನು ಹಾದು ಹೋಗಬೇಕು. ಮ್ಯಾಪ್ ತಯಾರಿಸುವಾಗ ನೇರ ಪೈಪಿನಲ್ಲಿ ಸಿಕ್ಕ ಸರ್ಜ್ ಗೆರೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸೆಳೆತದ ಬದಿ ಸರಿ ಇದ್ದರೆ ಮುಂದಿನದು ಇಂಟರ್‌ಕೂಲರ್ (ಒಳಗೆ ಎಣ್ಣೆ, ಮಸಿ ಕಟ್ಟಿರುವುದು), ಅದಾದ ಮೇಲೆ ಇನ್‌ಟೇಕ್ ಪೋರ್ಟಿನ ಕಾರ್ಬನ್ ಮತ್ತು ವಾಲ್ವ್ ಕ್ಲಿಯರೆನ್ಸ್. ಎಕ್ಸಾಸ್ಟ್ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳು (ವೇನ್) ಇರುವ ವೇರಿಯಬಲ್ ಟರ್ಬೊ ಆದರೆ ಮಸಿಗೆ ಅಂಟಿ ವೇನ್‌ಗಳು ಮುಚ್ಚಿದ ಸ್ಥಿತಿಯಲ್ಲೇ ನಿಂತಿವೆಯೇ ನೋಡಿ. ಒಂದು ಇಂಜೆಕ್ಟರ್ ಕೈಕೊಟ್ಟು ಎಕ್ಸಾಸ್ಟ್ ಬಡಿತ ಏರುಪೇರಾದರೂ ಗೆರೆಯ ಪಕ್ಕದಲ್ಲಿ ನಿಂತ ಕಂಪ್ರೆಸರ್ ಕೆಮ್ಮಬಹುದು.

ಉಷ್ಣತೆಯಿಂದ ದಕ್ಷತೆ ತಿಳಿಯುವುದು

ಒತ್ತಡಗಳೆಲ್ಲ ಸರಿಯಾಗಿಯೇ ಇದ್ದು ಎಳೆತ ಮಾತ್ರ ಇಲ್ಲ ಎಂದಾಗ ಕಂಪ್ರೆಸರ್ ಎಷ್ಟು ದಕ್ಷವಾಗಿ ಕೆಲಸ ಮಾಡುತ್ತಿದೆ ಎಂದು ನೋಡಬೇಕು. ಇದಕ್ಕೆ ಬೇಕಾದ್ದು ಒಳಗೆ ಹೋಗುವ, ಹೊರಬರುವ ಗಾಳಿಯ ಉಷ್ಣತೆ ಅಳೆಯಲು ಎರಡು ಥರ್ಮೊಕಪಲ್ ಮಾತ್ರ.

ಒತ್ತಡ ಎರಡು ಪಟ್ಟಾಗುವಾಗ ಗಾಳಿ ಎಷ್ಟು ಬಿಸಿಯಾಗಲೇಬೇಕು ಎಂಬುದು ಭೌತಶಾಸ್ತ್ರದ ಲೆಕ್ಕ: ಒಳಬರುವ ಗಾಳಿ 30 ಡಿಗ್ರಿ ಇದ್ದರೆ ಕನಿಷ್ಠ 66 ಡಿಗ್ರಿ ಏರಿಕೆ. ಈ 66ನ್ನು ನಿಜವಾಗಿ ಏರಿದ ಡಿಗ್ರಿಗಳಿಂದ ಭಾಗಿಸಿದರೆ ದಕ್ಷತೆ. ಹೊರಬರುವ ಗಾಳಿ 118 ಡಿಗ್ರಿ ಇದ್ದರೆ ಏರಿದ್ದು 88, ದಕ್ಷತೆ ಶೇ 75. ಈ ಗಾತ್ರದ ಟರ್ಬೊಗೆ ಒಳ್ಳೆಯ ಸಂಖ್ಯೆ. 137 ಡಿಗ್ರಿ ಬಂದರೆ ಏರಿದ್ದು 107, ದಕ್ಷತೆ ಶೇ 62. ಟರ್ಬೈನ್ ಕೊಟ್ಟ ಕೆಲಸದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಗಾಳಿಯನ್ನು ಸುಮ್ಮನೆ ಕಾಯಿಸಲು ಹೋಯಿತು.

ಎಚ್ಚರಿಕೆ ಒಂದಿದೆ. ಟರ್ಬೈನ್ ಬದಿಯ ಶಾಖ ಹೌಸಿಂಗ್ ಮೂಲಕ ಗಾಳಿಗೂ ತಲುಪುತ್ತದೆ. ಕಡಿಮೆ ಹರಿವಿನಲ್ಲಿ ಇದು ದೊಡ್ಡ ಪಾಲಾಗಿ, ದಕ್ಷತೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆದ್ದರಿಂದ ಪೂರ್ಣ ಲೋಡ್, ಹೆಚ್ಚು ಹರಿವು ಇರುವಾಗ ಅಳೆಯಿರಿ. ಅದೇ ಗಾಡಿಯ ಹಳೆಯ ಅಳತೆಯೊಂದಿಗೆ ಹೋಲಿಸಿದರೆ ಇನ್ನೂ ಒಳ್ಳೆಯದು.

ಬಿಚ್ಚಿದ ಮೇಲೆ ನೋಡಬೇಕಾದ್ದು

ದಕ್ಷತೆ ಮತ್ತು ಸ್ಥಿರತೆ ಎರಡೂ ಒಟ್ಟಿಗೇ ಸೋರುವ ಜಾಗ ಬ್ಲೇಡ್ ತುದಿಗೂ ಹೌಸಿಂಗಿಗೂ ನಡುವಿನ ಸಂದು. ದೊಡ್ಡ ಯಂತ್ರಗಳಿಗಿಂತ ಪುಟ್ಟ ಕಂಪ್ರೆಸರ್‌ಗಳ ದಕ್ಷತೆ ಕಡಿಮೆ ಇರುವುದಕ್ಕೆ ಒಂದು ಮುಖ್ಯ ಕಾರಣ ಇದೇ. ವೀಲ್ ಎಷ್ಟೇ ಚಿಕ್ಕದಾಗಲಿ, ಬೇರಿಂಗ್ ಆಟ ಮತ್ತು ಶಾಖದ ಹಿಗ್ಗುವಿಕೆಗೆ ಬೇಕಾದ ಸಂದು ಅದೇ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ. ವೀಲಿನ ಹೊರ ಅಂಚಿನಲ್ಲಿ ಬ್ಲೇಡ್ ಎತ್ತರ 4 ಮಿಮೀ, ಸಂದು 0.25 ಮಿಮೀ ಎಂದುಕೊಳ್ಳಿ. ಅಲ್ಲಿಗೇ ಬ್ಲೇಡ್ ಎತ್ತರದ ಶೇ 6 ಆಯಿತು. ಅದು 0.45 ಆದರೆ ಶೇ 11. ಶೇ 1 ಸಂದು ಹೆಚ್ಚಿದರೆ ದಕ್ಷತೆ ಸುಮಾರು ಶೇ 0.3 ಅಂಶ ಇಳಿಯುತ್ತದೆ ಎಂಬ ಅಂದಾಜು ಲೆಕ್ಕ ಹಿಡಿದರೆ, ಒಂದೂವರೆ ಅಂಶ ಹೋಯಿತು. ಅದಕ್ಕಿಂತ ಕೆಟ್ಟದ್ದು, ಆ ಸಂದಿನಿಂದ ಹಿಂದಕ್ಕೆ ಜಾರುವ ಗಾಳಿ ಬ್ಲೇಡ್ ತುದಿಯ ಹರಿವನ್ನು ಮೊದಲೇ ಕದಡಿ ಸರ್ಜ್ ಗೆರೆಯನ್ನು ಬಲಕ್ಕೆ ತಳ್ಳುತ್ತದೆ.

ವೀಲ್ ತಾಗಿ ಗೀಚಿದ ಹೌಸಿಂಗನ್ನು ಲೇತ್‌ನಲ್ಲಿ ಕೂರಿಸಿ 'ಕ್ಲೀನ್ ಕಟ್' ಕೊಡುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಗೀರು ಹೋಯಿತು, ಸಂದು ಉಳಿಯಿತು. ಗೀರು ಆಳವಾಗಿದ್ದರೆ ಹೌಸಿಂಗ್ ಬದಲಿಸಬೇಕು. ತಾಗಿದ್ದು ಯಾಕೆ ಎಂದು ಡಯಲ್ ಗೇಜ್ ಇಟ್ಟು ಶಾಫ್ಟಿನ ಉದ್ದದ ಆಟ ಅಳೆಯಬೇಕು. ಈ ಅಳತೆಯ ಅನೇಕ ಟರ್ಬೊಗಳಲ್ಲಿ ಅದು 0.1 ಮಿಮೀ ಒಳಗೇ ಇರಬೇಕಾದ್ದು. ಖಚಿತ ಮಿತಿಗೆ ತಯಾರಕರ ಪಟ್ಟಿ ನೋಡಿ.

ಎಣ್ಣೆ ಮತ್ತು ದೂಳು ಬೆರೆತು ಡಿಫ್ಯೂಸರ್ ಗೋಡೆಯ ಮೇಲೆ ಕಟ್ಟಿದ ಪದರವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಅಲ್ಯೂಮಿನಿಯಂ ತಿನ್ನುವ ಕಾಸ್ಟಿಕ್ ನೀರು ಬೇಡ, ತಂತಿ ಬ್ರಷ್ ಬೇಡ. ಬ್ಲೇಡ್ ಮೂತಿ ದೂಳಿನಿಂದ ಸವೆದು ಮೊಂಡಾಗಿದ್ದರೆ ಅರದಿಂದ ತೀಡಿ ಚೂಪು ಮಾಡಬೇಡಿ, ಬ್ಯಾಲೆನ್ಸ್ ಹೋಗುತ್ತದೆ.

ಕೊನೆಗೆ ಟ್ರಿಮ್. ವೀಲಿನ ಬಾಯಿ ವ್ಯಾಸವನ್ನು ಹೊರ ವ್ಯಾಸದಿಂದ ಭಾಗಿಸಿ, ವರ್ಗ ಮಾಡಿ, ನೂರರಿಂದ ಗುಣಿಸಿದ ಸಂಖ್ಯೆ ಅದು. ನಮ್ಮ ಲಾರಿಯ ಮೂಲ ವೀಲ್ 48ಕ್ಕೆ 68, ಟ್ರಿಮ್ 50. ಎರಡನೇ ಸಲ ಹಾಕಿದ ಬದಲಿ ವೀಲ್ ಕ್ಯಾಲಿಪರ್‌ನಲ್ಲಿ 52 ತೋರಿಸಿತು, ಟ್ರಿಮ್ 58. ಹೊರಗಿನಿಂದ ಅವಳಿ ಜವಳಿ. ಬಾಯಿ ದೊಡ್ಡದಾದಾಗ ಹೆಚ್ಚು ಗಾಳಿ ನುಂಗಬಲ್ಲದು, ಆದರೆ ಕಡಿಮೆ ಗಾಳಿಯಲ್ಲಿ ನಿಲ್ಲಲಾರದು, ಸರ್ಜ್ ಗೆರೆಯೂ ಬಲಕ್ಕೆ ಹೋಗುತ್ತದೆ. 'ದೊಡ್ಡದು ಹಾಕಿದ್ದೇವೆ, ಪಿಕಪ್ ಚೆನ್ನಾಗಿರುತ್ತೆ' ಎಂದು ಹೇಳಿದ್ದರಂತೆ. ಸಮತಟ್ಟು ರಸ್ತೆಯಲ್ಲಿ ಓಡುವ ಗಾಡಿಗೆ ಬೇಕಾದರೆ ಇರಲಿ, ಘಾಟಿ ಹತ್ತುವ ಗಾಡಿಗೆ ಇದು ತಿರುಗುಬಾಣ.

ಅಂತರವನ್ನು ಹೆಚ್ಚಿಸಿಕೊಳ್ಳಲು

ಎಲ್ಲ ಸರಿಪಡಿಸಿದ ಮೇಲೂ ಗೆರೆ ಹತ್ತಿರವೇ ಇದ್ದರೆ, ಅದೇ ಟರ್ಬೊಗೆ ಹೌಸಿಂಗ್ ಬಾಯಲ್ಲಿ ಸುತ್ತ ಸೀಳು ಇರುವ ಮಾದರಿ ಸಿಗುತ್ತದೆಯೇ ವಿಚಾರಿಸಿ. ಬ್ಲೇಡ್ ಮೂತಿಯಿಂದ ಸ್ವಲ್ಪ ಒಳಗೆ ಉಂಗುರದಂತೆ ಒಂದು ಸೀಳು, ಅಲ್ಲಿಂದ ಬಾಯಿಗೆ ಒಂದು ಪಕ್ಕದ ದಾರಿ. ಹರಿವು ಕಡಿಮೆಯಾದಾಗ ತುದಿಯಲ್ಲಿ ಕದಡಿದ ಗಾಳಿ ಆ ಸೀಳಿನಿಂದ ಹೊರಬಿದ್ದು ಮತ್ತೆ ಬಾಯಿಗೆ ಸೇರುತ್ತದೆ, ವೀಲ್‌ಗೆ ಹೆಚ್ಚು ಹರಿವು ಇದ್ದಂತೆ ಅನ್ನಿಸುತ್ತದೆ. ಹರಿವು ವಿಪರೀತ ಹೆಚ್ಚಾದಾಗ ಅದೇ ಸೀಳಿನಿಂದ ಗಾಳಿ ಒಳಗೆ ಬಂದು ಬಾಯಿ ಅಗಲವಾದಂತೆ ಆಗುತ್ತದೆ. ಎರಡೂ ತುದಿಯಲ್ಲಿ ಲಾಭ. ಬೆಲೆಯೂ ಇದೆ: ತಿರುಗಿ ಬರುವ ಗಾಳಿಯ ಮೇಲೆ ಎರಡು ಸಲ ಕೆಲಸ ಮಾಡಬೇಕಾದ್ದರಿಂದ ಗರಿಷ್ಠ ದಕ್ಷತೆ ತುಸು ಇಳಿಯುತ್ತದೆ, ಸದ್ದು ಹೆಚ್ಚುತ್ತದೆ. ಘಾಟಿ ಗಾಡಿಗೆ ನಾನು ಆ ಬೆಲೆ ಕೊಡುತ್ತೇನೆ. ಇದನ್ನು ಊರಿನ ಲೇತ್‌ನಲ್ಲಿ ಕೊರೆದುಕೊಳ್ಳಲು ಮಾತ್ರ ಹೋಗಬೇಡಿ. ಸೀಳಿನ ಜಾಗ ಒಂದೆರಡು ಮಿಲಿಮೀಟರ್ ತಪ್ಪಿದರೂ ದಕ್ಷತೆ ಹೋಗುತ್ತದೆ, ಲಾಭ ಬರುವುದಿಲ್ಲ.

ಬ್ಲೇಡ್‌ಗಳು ಹೊರ ಅಂಚಿನಲ್ಲಿ ತಿರುಗುವ ದಿಕ್ಕಿನ ವಿರುದ್ಧಕ್ಕೆ ಹೆಚ್ಚು ಬಾಗಿರುವ ವೀಲ್‌ಗಳು ಸ್ಥಿರ ವ್ಯಾಪ್ತಿಗೆ ಒಳ್ಳೆಯವು, ಅದೇ ಒತ್ತಡಕ್ಕೆ ಹೆಚ್ಚು ವೇಗ ಬೇಕು ಅಷ್ಟೆ. ಡಿಫ್ಯೂಸರಿಗೆ ವೇನ್ ಹಾಕಿದರೆ ದಕ್ಷತೆ ಏರುತ್ತದೆ, ವ್ಯಾಪ್ತಿ ಕುಗ್ಗುತ್ತದೆ. ವೇಗ ಪದೇ ಪದೇ ಬದಲಾಗುವ ಲಾರಿ ಟರ್ಬೊಗಳಲ್ಲಿ ವೇನ್ ಇಲ್ಲದ ಡಿಫ್ಯೂಸರ್ ಇರುವುದು ಅದಕ್ಕೇ.

ಖರ್ಚಿಲ್ಲದ ಸುಧಾರಣೆ ಎಂದರೆ ಬಾಯಿಯ ಮುಂದಿನ ಪೈಪ್. ಬಾಗು ನೇರವಾಗಿ ಕಂಪ್ರೆಸರ್ ಬಾಯಿಗೇ ಬಂದು ಕೂರದಿರಲಿ. ಪೈಪಿನ ವ್ಯಾಸದ ಮೂರು ಪಟ್ಟಾದರೂ ನೇರ ಭಾಗ ಸಿಕ್ಕರೆ ಗಾಳಿ ಸಮನಾಗಿ ಹರಡಿಕೊಳ್ಳುತ್ತದೆ. ಕ್ಲಾಂಪ್ ಬಿಗಿಯುವಾಗ ಒಳಗೆ ಮಡಿಚಿಕೊಂಡ ರಬ್ಬರ್ ತುಟಿ ಕೂಡ ತೊಂದರೆ ಕೊಡುತ್ತದೆ, ಬೆರಳು ಹಾಕಿ ನೋಡಿಯೇ ಬಿಗಿಯಿರಿ.

ಆ ಲಾರಿಗೆ ಮಾಡಿದ್ದು

ಒಳಗೆ ತಂತಿ ಸುರುಳಿ ಇರುವ ಹೊಸ ಹೋಸ್, ಟ್ರಿಮ್ 50ರ ವೀಲ್ ಇರುವ ಸರಿಯಾದ ಕಾರ್ಟ್ರಿಜ್ (ವೀಲ್, ಶಾಫ್ಟ್, ಬೇರಿಂಗ್ ಕೂಡಿದ ಟರ್ಬೊದ ನಡುಭಾಗ), ಪಂಪನ್ನು ಟೆಸ್ಟ್ ಬೆಂಚಿಗೆ ಕಳಿಸಿ ಮೂಲ ಸೆಟ್ಟಿಂಗ್. ಹೋಸ್ ಮಾತ್ರ ಬದಲಿಸಿ ಮೊದಲು ಒಂದು ಟ್ರಿಪ್ ಕಳಿಸಿದ್ದೆವು, ಎರಡು ಕಾರಣದಲ್ಲಿ ಯಾವುದು ಎಷ್ಟು ಎಂದು ತಿಳಿಯಬೇಕಿತ್ತು. ಕೆಮ್ಮು ಬಹುಪಾಲು ಹೋಗಿ, ಮಾರನಹಳ್ಳಿಯ ಹತ್ತಿರದ ಕಡಿದಾದ ಏರಿನಲ್ಲಿ ಒಂದೆರಡು ಸಲ ಮಾತ್ರ ಉಳಿದಿತ್ತು. ವೀಲ್ ಬದಲಾದ ಮೇಲೆ ಅದೂ ನಿಂತಿತು. ಪೂರ್ಣ ಲೋಡಿನಲ್ಲಿ 1400ರಲ್ಲಿ ಬಾಯಿಯ ಸೆಳೆತ 4.5, ಬೂಸ್ಟ್ 110.

ಆ ಎರಡು ಸಂಖ್ಯೆಯನ್ನೂ ತಾರೀಖಿನ ಸಮೇತ ಏರ್ ಕ್ಲೀನರ್ ಮುಚ್ಚಳದ ಒಳಬದಿಗೆ ಪೇಂಟ್ ಮಾರ್ಕರ್‌ನಲ್ಲಿ ಬರೆದು ಕೊಟ್ಟಿದ್ದೇನೆ. ಮುಂದಿನ ಸಲ ಗಾಡಿ ಯಾವ ಊರಿನಲ್ಲಿ ಕೆಮ್ಮಿದರೂ, ಮುಚ್ಚಳ ತೆಗೆದವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.